ನಾವು ಬರೆದಿಡದ ಹಕ್ಕಿಗಳು

ಹಕ್ಕಿಯೊಂದು ಜೊಂಡಿನೊಳಗೆ ಇಳಿದು ಮತ್ತೆ ಏಳದಿದ್ದರೆ ಬಲ ಜೇಬಿನಿಂದ ಎಡ ಜೇಬಿಗೆ ಒಂದು ಪುಟಾಣಿ, ಅಂದರೆ ಹುರಿಗಡಲೆ. ಎದ್ದು ಹಾರಿದರೆ ಪುಟಾಣಿ ವಾಪಸ್ಸು. ಇದು ನಮ್ಮ ಕಾಕಾನ ಪದ್ಧತಿ. ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಪುಣೆ ಬಳಿಯ ಚಾಕಣದ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳೆದು ಬರೆದಿಡುವ ಕೆಲಸ ಅವರದು. ಆದರೆ ಹಕ್ಕಿಯ ವಿಷಯಕ್ಕೆ ಬಂದರೆ ಪೆನ್ನು ಮುಟ್ಟುವಂತಿರಲಿಲ್ಲ. ಅವರು ಬಾನಿನ ಎಡ ಅರ್ಧ ನೋಡಬೇಕು, ನಾನು ಬಲ ಅರ್ಧ. ಮಬ್ಬುಗತ್ತಲಾದ ಮೇಲೆ ಇಬ್ಬರೂ ಎಡ ಜೇಬು ಬರಿದು ಮಾಡಿ ಅವರ ಅಂಗೈಮೇಲೆ ಸುರಿದು ಎಣಿಸುತ್ತಿದ್ದೆವು. "ಮೂವತ್ತೇಳು," ಎನ್ನುತ್ತಿದ್ದರು ಕಾಕಾ, ಬೀಗರ ಊಟಕ್ಕೆ ಬಂದವರನ್ನು ಎಣಿಸಿದ ಹಾಗೆ. ಆಮೇಲೆ ಆ ಪುಟಾಣಿಯನ್ನು ಇಬ್ಬರೂ ಹಂಚಿಕೊಂಡು ತಿಂದುಬಿಡುತ್ತಿದ್ದೆವು. ಬಸ್ಸಿನ ರಸ್ತೆ ಮುಟ್ಟುವಷ್ಟರಲ್ಲಿ ಲೆಕ್ಕವೆಲ್ಲ ಹೊಟ್ಟೆಯೊಳಗೆ.

ನನಗೆ ಜೇಬಿರುವ ಬಟ್ಟೆಯೇ ಇರಲಿಲ್ಲವಾದ್ದರಿಂದ ಅವರ ಹಳೆಯ ಖಾಕಿ ಕೋಟನ್ನು ಸೀರೆಯ ಮೇಲೆ ಹಾಕಿಕೊಂಡು ಹೋಗುತ್ತಿದ್ದೆ. ನನ್ನ ಗಂಡ ಬಾಗಿಲಲ್ಲಿ ನಿಂತು ಸೆಲ್ಯೂಟ್ ಹೊಡೆದು ಕಳಿಸುತ್ತಿದ್ದರು. ಎರಡನೇ ಮಹಡಿಯಲ್ಲಿ ನಾವು, ಅದೇ ಕಟ್ಟಡದ ನೆಲಮಹಡಿಯಲ್ಲಿ ಕಾಕಾ ಒಬ್ಬರೇ. ಅವರ ಹೆಂಡತಿ, ನನ್ನ ಕಾಕು, ತೀರಿಕೊಂಡ ವರ್ಷ, ಅವರು ಮನೆಯಲ್ಲಿ ಕೂತರೆ ಗೋಡೆ ನೋಡುತ್ತಾರೆಂದು ನಾನು ಜೊತೆಗೆ ಹೊರಟದ್ದು. ಮೊದಲ ಸಂಜೆ ಸೊಳ್ಳೆ ಕಚ್ಚಿಸಿಕೊಂಡು, ಕಾಲು ಕೆಸರು ಮಾಡಿಕೊಂಡು, ಮನಸ್ಸಿನಲ್ಲೇ ಬೈದುಕೊಂಡೆ. ಮೂರನೆಯ ಸಂಜೆಯಿಂದ ನಾನೇ ಅವರ ಬಾಗಿಲು ಬಡಿಯುವವಳಾದೆ.

ಜಾಗ ಇದ್ದದ್ದು ಚಾಕಣದ ಆಚೆ, ಒಂದು ಸಣ್ಣ ಗುಡ್ಡದ ಹಿಂದೆ. ಹಳೆಯ ಕೆರೆಯೊಂದರ ಹಿನ್ನೀರು ಹರಡಿ ನಿಂತು ಜೌಗಾಗಿ, ಆಳೆತ್ತರದ ಜೊಂಡು ಬೆಳೆದಿತ್ತು. ಕಂಪನಿ ಬಸ್ಸು ಒಮ್ಮೆ ಕೆಟ್ಟು ನಿಂತಾಗ ಕಾಕಾ ಮೂತ್ರಕ್ಕೆಂದು ಗುಡ್ಡ ಹತ್ತಿ ಕಂಡುಹಿಡಿದದ್ದಂತೆ. ಈ ಕಥೆಯನ್ನು ಅವರು ನನ್ನೆದುರು ಹೇಳುವಾಗ ಮೂತ್ರದ ಮಾತು ಬಿಟ್ಟು "ಗಾಳಿಗೆ ಹೋಗಿದ್ದೆ" ಎನ್ನುತ್ತಿದ್ದರು.

ಕನ್ನಡದ ಹಕ್ಕಿ ಪುಸ್ತಕಗಳಲ್ಲಿ ನಾವು ಎಣಿಸುತ್ತಿದ್ದ ಹಕ್ಕಿಯ ಹೆಸರು ಸೆಳೆವ. ಮರಾಠಿಯವರು ಭೋವತ್ಯಾ ಎನ್ನುತ್ತಾರೆ, ಸುತ್ತುತ್ತಲೇ ಇರುವವನು ಎಂದು. ಕಾಕಾ ಎರಡನ್ನೂ ಬಿಟ್ಟು "ನಮ್ಮ ಮಂದಿ" ಎನ್ನುತ್ತಿದ್ದರು. ಗಿಡುಗನ ಜಾತಿಯೇ, ಆದರೆ ಗಿಡುಗನ ದರ್ಪವಿಲ್ಲ. ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಹಿಡಿದು, ಹುಲ್ಲಿನ ತುದಿ ಸವರುವಷ್ಟು ಕೆಳಗೆ, ತಲೆ ಬಗ್ಗಿಸಿ, ಉಂಗುರ ಕಳೆದುಕೊಂಡವರ ಹಾಗೆ ಹುಡುಕುತ್ತ ಹೋಗುತ್ತದೆ. ದೀಪಾವಳಿಯ ಹೊತ್ತಿಗೆ ಉತ್ತರದ ದೂರದೇಶಗಳಿಂದ ಬಂದು ಯುಗಾದಿಗೆ ಮೊದಲೇ ಹೊರಟುಬಿಡುತ್ತದೆ. ನಮ್ಮ ಜೌಗಿಗೆ ಬರುತ್ತಿದ್ದವು ಎರಡು ಮೂರು ಬಗೆ. ಅವುಗಳಲ್ಲಿ ಬಿಳಿಬೂದು ಗಂಡು, ಕಂದು ಹೆಣ್ಣು ಇರುವ ಸಣ್ಣ ಬಗೆಯದು ಅಳಿವಿನ ದಾರಿ ಹಿಡಿದಿದೆ ಎಂದು ಬಲ್ಲವರು ಹೇಳುತ್ತಾರೆ. ಹಗಲೆಲ್ಲ ಎಲ್ಲೆಲ್ಲೋ ಒಂಟಿಯಾಗಿ ತಿರುಗುವ ಈ ಹಕ್ಕಿಗಳು ಸಂಜೆ ಮಾತ್ರ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಮರದ ಮೇಲೆ ಮಲಗುವುದಿಲ್ಲ, ನೆಲದಲ್ಲೇ ಮಲಗುತ್ತವೆ. ನೆಲದಲ್ಲಿ ಮಲಗುವವರಿಗೆ ನಾಯಿಯ ಭಯ. ಜೊಂಡಿನ ಸುತ್ತ ಮೊಳಕಾಲುದ್ದ ನೀರಿದ್ದರೆ ನಾಯಿ ಬರುವುದಿಲ್ಲ, ಹಾಗಾಗಿ ಈ ಜೌಗು ಅವಕ್ಕೆ ಬೇಕು. ಇಷ್ಟು ಸರಳ ವಿಷಯ. ಇದನ್ನು ಆಮೇಲೆ ಎಷ್ಟು ಜನರಿಗೆ ಎಷ್ಟು ಸಲ ಹೇಳಿದೆನೆಂದರೆ ನನ್ನ ಬಾಯಿಗೇ ರುಚಿ ಹೋಯಿತು.

ಬರೆದಿಡಬಾರದೆಂಬ ಕಟ್ಟಳೆಗೂ ಕಾರಣವಿತ್ತು. ಇದಕ್ಕೆ ಮೊದಲು ಕಾಕಾಗೆ ಸೊಲ್ಲಾಪುರ ರಸ್ತೆಯ ಕಡೆ ಒಂದು ಹುಲ್ಲುಗಾವಲು ಗೊತ್ತಿತ್ತು. ಅಲ್ಲಿಯೂ ಇವೇ ಹಕ್ಕಿಗಳು ಮಲಗುತ್ತಿದ್ದವು. ಕ್ಯಾಮೆರಾ ಹೊತ್ತ ಒಬ್ಬ ಸಜ್ಜನ ಬಂದು ವಿನಯದಿಂದ ಕೇಳಿದ. ಕಾಕಾ ತೋರಿಸಿದರು. ಆತ ಜಾಗದ ಹೆಸರು ಸಮೇತ ಚಿತ್ರವನ್ನು ಇಂಟರ್‌ನೆಟ್ಟಿಗೆ ಹಾಕಿದ. ಮುಂದಿನ ಭಾನುವಾರ ಅಲ್ಲಿ ಜೀಪುಗಳ ಸಾಲು. ಹಾರುವ ಚಿತ್ರ ಬೇಕೆಂದು ಹುಲ್ಲಿನೊಳಗೇ ಗಾಡಿ ನುಗ್ಗಿಸಿ ಎಬ್ಬಿಸಿದರಂತೆ. ಎರಡು ವಾರದಲ್ಲಿ ಹಕ್ಕಿಗಳು ಜಾಗ ಖಾಲಿ ಮಾಡಿದವು.

"ನನ್ನ ಬಾಯಿಂದ ಹೋದ್ವು ಮಗಳ," ಎಂದಿದ್ದರು ಕಾಕಾ. "ಈ ಜಾಗಾ ಯಾರಿಗೂ ಹೇಳೂದಿಲ್ಲ, ಬರಿಯೂದಿಲ್ಲ. ಬರದದ್ದು ಒಂದಿಲ್ಲ ಒಂದ ದಿನಾ ಯಾರ ಕೈಗರ ಸಿಗ್ತದ."

ಪುಣೆಯ ಸುತ್ತ ಹಕ್ಕಿ ನೋಡುವ ಹಳಬರಲ್ಲಿ ಇಂಥ ಕಟ್ಟಳೆ ಇರುವವರು ಇನ್ನೂ ಹಲವರಿದ್ದಾರೆ. ಎಲ್ಲಿ ನೋಡಿದಿರಿ ಎಂದರೆ "ಆ ಕಡೆ" ಎಂದು ಕೈ ಬೀಸುತ್ತಾರೆ, ಕೈ ಯಾವ ದಿಕ್ಕಿಗೆ ಹೋಯಿತೆಂದು ಅವರಿಗೂ ಗೊತ್ತಿರುವುದಿಲ್ಲ. ನಾನೂ ಹಾಗೇ ಆದೆ. ಒಂಬತ್ತು ಚಳಿಗಾಲ, ವಾರಕ್ಕೊಮ್ಮೆಯಾದರೂ ಹೋದೆವು. ಒಂದು ಸಾಲು ಬರೆಯಲಿಲ್ಲ.

ಇದರಲ್ಲಿ ನನ್ನ ಮೂರ್ಖತನವೇ ಹೆಚ್ಚು. ನನ್ನ ಕೆಲಸ ಮಗರಪಟ್ಟಾದಲ್ಲಿ, ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ. ಎದುರು ಕುರ್ಚಿಯಲ್ಲಿ ಅಳುತ್ತ ಕೂತವರಿಗೂ ನಾನು ಹೇಳುವುದು ಒಂದೇ: ಕಾಗದ ತನ್ನಿ. ಕಾಗದ ಇಲ್ಲವೆಂದರೆ ಆದದ್ದು ಆಗಿಲ್ಲ, ಇದ್ದದ್ದು ಇಲ್ಲ. ಇಪ್ಪತ್ತೈದು ವರ್ಷ ಇದನ್ನೇ ಹೇಳಿ ಸಂಬಳ ತೆಗೆದುಕೊಂಡವಳು ನಾನು. ಶನಿವಾರ ಸಂಜೆ ಕೋಟು ಹಾಕಿಕೊಂಡ ಕೂಡಲೇ ಆ ಬುದ್ಧಿ ಎಲ್ಲಿಗೆ ಹೋಗುತ್ತಿತ್ತೋ ತಿಳಿಯದು.

ಒಂದು ಮಳೆಗಾಲದಲ್ಲಿ ಗುಡ್ಡದ ಬುಡದಲ್ಲಿ ಸುಣ್ಣ ಬಳಿದ ಕಲ್ಲುಗಳು ಕಂಡವು. ಅಲ್ಲಿ ಗೋದಾಮುಗಳು ಬರುತ್ತವೆ, ಜೌಗು ತುಂಬಿಸಿ ಲಾರಿ ನಿಲ್ಲಿಸುವ ಅಂಗಳ ಮಾಡುತ್ತಾರೆ ಎಂದು ಊರವರೇ ಹೇಳಿದರು. ಅಹವಾಲು ಕೇಳುವ ಸಭೆಯ ನೋಟಿಸನ್ನು ಕಾಕಾ ಮರಾಠಿ ಪತ್ರಿಕೆಯಿಂದ ಕತ್ತರಿಸಿ ತಂದು ನನ್ನ ಊಟದ ತಟ್ಟೆಯ ಪಕ್ಕ ಇಟ್ಟರು.

"ಈಗ ಹೇಳೂಣು," ಎಂದರು. "ಈಗ ಹೇಳದಿದ್ರ ಮುಗೀತು."

ಸಭೆ ನಡೆದದ್ದು ಒಂದು ಮಂಗಲ ಕಾರ್ಯಾಲಯದಲ್ಲಿ. ಹಿಂದಿನ ದಿನದ ಮದುವೆಯ ವಧೂವರರ ಕೆಂಪು ಕುರ್ಚಿಗಳನ್ನು ವೇದಿಕೆಯ ಮೂಲೆಗೆ ಸರಿಸಿ, ಅಧಿಕಾರಿಗೆ ಒಂದು ಮೇಜು ಹಾಕಿದ್ದರು. ನೆಲದಲ್ಲಿ ಇನ್ನೂ ಅಕ್ಷತೆ ಇತ್ತು. ಊರವರು ಬಂದಿದ್ದರು. ಅವರನ್ನು ನಾನು ದೂರುವುದಿಲ್ಲ. ಆ ಜೌಗಿನಿಂದ ಅವರಿಗೆ ಸಿಕ್ಕಿದ್ದು ಜ್ವರ ಮಾತ್ರ. ಒಬ್ಬರು ಎದ್ದು ನಿಂತು "ತಿಥೆ ಕಾಯ್ ಆಹೆ? ಡಾಸ್ ಆಹೇತ್," ಎಂದರು. ಅಲ್ಲಿ ಏನಿದೆ, ಸೊಳ್ಳೆ ಇವೆ. ಎಲ್ಲರೂ ನಕ್ಕರು. ಆ ಮಾತು ನಮಗೇ ತಾಗಿದ ಹಾಗಾದರೂ ನನಗೂ ನಗು ಬಂತು, ಸೊಳ್ಳೆಯ ಮಾತು ಸುಳ್ಳಾಗಿರಲಿಲ್ಲ.

ಯೋಜನೆಯವರು ಮಾಡಿಸಿದ ಅಧ್ಯಯನವನ್ನು ಓದಿದರು. ಆ ಪ್ರದೇಶದಲ್ಲಿ ಗಮನಾರ್ಹವಾದ ಹಕ್ಕಿಗಳು ಕಂಡುಬಂದಿಲ್ಲ, ಸಾರ್ವಜನಿಕ ದಾಖಲೆಗಳಲ್ಲೂ ಉಲ್ಲೇಖವಿಲ್ಲ. ಅಧ್ಯಯನದವರು ಬಂದದ್ದು ಬೇಸಿಗೆಯ ನಡುವೆ, ಹಕ್ಕಿಗಳೆಲ್ಲ ಸಾವಿರಾರು ಮೈಲಿ ಆಚೆ ಗೂಡು ಕಟ್ಟುತ್ತಿರುವ ಕಾಲದಲ್ಲಿ. ಅವರು ಸುಳ್ಳು ಬರೆದಿರಲಿಲ್ಲ.

ಕಾಕಾ ಎದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಟೋಪಿ. ಅವರ ಮರಾಠಿ ನಮ್ಮೆಲ್ಲರಿಗಿಂತ ಚೆನ್ನಾಗಿತ್ತು. ಚಳಿಗಾಲದಲ್ಲಿ ಇಲ್ಲಿ ಇಷ್ಟು ಹಕ್ಕಿ ಮಲಗುತ್ತವೆ, ಇಷ್ಟು ವರ್ಷದಿಂದ ನಾನು ನೋಡಿದ್ದೇನೆ, ನೀರು ತೆಗೆದರೆ ಅವಕ್ಕೆ ಬೇರೆ ಜಾಗವಿಲ್ಲ ಎಂದು ನಿಧಾನವಾಗಿ, ತಡವರಿಸದೆ ಹೇಳಿದರು. ಅಧಿಕಾರಿ ಒಳ್ಳೆಯ ಮನುಷ್ಯ, ಕನ್ನಡಕ ತೆಗೆದು ಕೇಳಿಸಿಕೊಂಡರು. ಆಮೇಲೆ ಪೆನ್ನು ತೆರೆದು ಕೇಳಿದರು: "ಕಾಕಾ, ಕಾಹೀ ನೋಂದ್ ಆಹೇ ಕಾ?" ಏನಾದರೂ ಬರೆದಿಟ್ಟದ್ದು ಇದೆಯೇ?

ಕಾಕಾ ನನ್ನ ಕಡೆ ತಿರುಗಿದರು. ಅಷ್ಟೂ ಜನರ ಎದುರು, ಕನ್ನಡದಲ್ಲಿ, "ತೋರಸವ್ವಾ," ಎಂದರು.

ನನಗೆ ಅರ್ಥವಾಗಲಿಲ್ಲ. "ಏನ್ ಕಾಕಾ?"

"ನೀ ಬರದಿಟ್ಟದ್ದು. ವಹಿ ತಂದೀಯಲ್ಲ?"

"ಎಲ್ಲಿ ವಹಿ? ನೀವ ಬ್ಯಾಡ ಅಂದಿದ್ರಲ್ಲರೀ."

"ನಾ ಬ್ಯಾಡ ಅಂದಿದ್ದೆ ಖರೆ," ಎಂದರು ಕಾಕಾ. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆ ಕೇಳಿರಲಿಲ್ಲ. "ನೀ ಆಫೀಸಿನಾಕಿ. ಮನೀಗೆ ಹೋಗಿ ಬರದಿರ್ತಿ ಅಂತ ನಾ ತಿಳಕೊಂಡಿದ್ದೆ."

ಒಂಬತ್ತು ವರ್ಷ ಅವರು ಹಾಗೆ ತಿಳಿದುಕೊಂಡು ನೆಮ್ಮದಿಯಾಗಿದ್ದರು. ಅವರ ಮಾತು ಮೀರುವಷ್ಟು ಜಾಣೆ ನಾನು ಎಂದು ನಂಬಿದ್ದರು. ನಾನೋ ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳದವಳು ಎಂದು ಮನೆಯಲ್ಲಿ ಹೆಸರು ಮಾಡಿದವಳು, ಈ ಒಂದು ವಿಷಯದಲ್ಲಿ ಶಿಸ್ತಾಗಿ ಮಾತು ಕೇಳಿದ್ದೆ. ಅಧಿಕಾರಿ ನಮ್ಮಿಬ್ಬರ ಮುಖ ನೋಡಿ ಪೆನ್ನಿನ ಮುಚ್ಚಳ ಹಾಕಿದರು. ನನ್ನ ಫೋನಿನಲ್ಲಿ ಎರಡು ಮೂರು ಚಿತ್ರಗಳಿದ್ದವು, ತೋರಿಸಿದೆ. ಸಂಜೆಯ ಬಾನಿನಲ್ಲಿ ಒಂದೆರಡು ಕಪ್ಪು ಚುಕ್ಕೆ. ಪಕ್ಕದಲ್ಲಿದ್ದವರು ಬಗ್ಗಿ ನೋಡಿ, ಹದ್ದು ಇರಬೇಕು, ಹದ್ದು ಎಲ್ಲ ಕಡೆ ಇರುತ್ತವೆ ಎಂದರು. ನನ್ನ ಮೇಜಿನ ಮುಂದೆ ಯಾರಾದರೂ ಇಷ್ಟೇ ಹಿಡಿದುಕೊಂಡು ಬಂದಿದ್ದರೆ ನಾನೂ ವಾಪಸ್ಸು ಕಳಿಸುತ್ತಿದ್ದೆ.

ಬಸ್ಸಿನಲ್ಲಿ ಕಾಕಾ ಕಿಟಕಿಯ ಕಡೆ ಮುಖ ಮಾಡಿ ಕೂತರು. ನನಗೆ ಸಿಟ್ಟು ಬಂದಿತ್ತು. ಮೊದಲು ಅವರ ಮೇಲೆ, ಆಮೇಲೆ ನನ್ನ ಮೇಲೆ, ಕೊನೆಗೆ ಆ ಹಾಳು ಪುಟಾಣಿಯ ಮೇಲೂ. ಮನೆಗೆ ಬಂದು ಹಳೆಯದನ್ನೆಲ್ಲ ಬರೆಯೋಣವೆಂದು ಕೂತೆ. ಹಕ್ಕಿಗಳ ಪಟ್ಟಿ ಕಳಿಸಲು ಇಂಟರ್‌ನೆಟ್ಟಿನಲ್ಲಿ ಜಾಗವಿದೆ, ದಿನಾಂಕ, ಸಮಯ, ಸಂಖ್ಯೆ ಹಾಕಬೇಕು. ಕಾಕಾ ಹೇಳುತ್ತ ಹೋದರು. "ನಿಮ್ಮ ಕಾಕು ಹೋದ ವರ್ಷ ನಲವತ್ತೊಂದು. ನಿನ್ನ ಕಾಲು ಉಳುಕಿದ ದಿನಾ ಇಪ್ಪತ್ತೆಂಟು. ಆ ದಿನಾ ಭಾಳ ಥಂಡಿ ಇತ್ತು ನೋಡು, ನೀ ಚಾ ಚೆಲ್ಲಿದಿ, ಅವತ್ತು ಐವತ್ತರ ಮ್ಯಾಲೆ." ಎಲ್ಲ ನೆನಪಿತ್ತು, ತಾರೀಖು ಒಂದೂ ಇರಲಿಲ್ಲ. ಅಂದಾಜಿನ ಮೇಲೆ ತಾರೀಖು ಹಾಕಬಹುದಿತ್ತು. ನನ್ನ ಕೈ ಏಳಲಿಲ್ಲ. ಸುಳ್ಳು ತಾರೀಖು ಹಾಕಿ ನನ್ನೆದುರು ಸಿಕ್ಕಿಬಿದ್ದ ಎಷ್ಟೋ ಮಂದಿಯನ್ನು ನೋಡಿದ್ದೇನೆ. ರಾತ್ರಿಯ ಊಟದ ಹೊತ್ತಿಗೆ ಕಂಪ್ಯೂಟರು ಮುಚ್ಚಿದೆ.

ಲಿಖಿತ ಆಕ್ಷೇಪಣೆಯನ್ನಂತೂ ಕೊಟ್ಟೆ. ಮತ್ತೊಬ್ಬ ಹಳಬರನ್ನು ಹುಡುಕಿ, ನಮ್ಮ ಜೌಗು ಗೊತ್ತಿತ್ತೇ ಎಂದು ಕೇಳಿದೆ. "ಗೊತ್ತಿತ್ತು. ನಾನೂ ಯಾರಿಗೂ ಹೇಳಿರಲಿಲ್ಲ," ಎಂದರು ಆತ, ಬೆನ್ನು ತಟ್ಟಿಸಿಕೊಳ್ಳಬೇಕೆಂಬ ಹಾಗೆ. ಅವರೂ ಏನೂ ಬರೆದಿರಲಿಲ್ಲ.

ಆಕ್ಷೇಪಣೆಯ ತೀರ್ಮಾನ ಬರುವ ಮೊದಲೇ, ದಸರೆಯ ಹೊತ್ತಿಗೆ, ಲಾರಿಗಳು ಕೆಂಪು ಮೊರಂ ಮಣ್ಣು ತಂದು ಸುರಿದವು. ನೀರು ಕಾಲುವೆ ತೋಡಿ ಹರಿಸಿದರು. ಜೊಂಡನ್ನು ಒಂದೇ ದಿನದಲ್ಲಿ ಯಂತ್ರದಿಂದ ಕಿತ್ತು ರಾಶಿ ಹಾಕಿ ಸುಟ್ಟರಂತೆ. ಅದನ್ನು ನಾವು ನೋಡಲಿಲ್ಲ. ನೋಡಬಾರದೆಂದೇ ಹೋಗಲಿಲ್ಲ. ಆದರೆ ದೀಪಾವಳಿ ಮುಗಿದ ಮೂರನೆಯ ದಿನ ಕಾಕಾ ಕೋಲು ಹಿಡಿದು ಮೆಟ್ಟಿಲ ಕೆಳಗೆ ನಿಂತಿದ್ದರು.

"ಬ್ಯಾಡ್ರಿ ಕಾಕಾ," ಎಂದೆ.

"ಅವಕ್ಕ ಗೊತ್ತಿಲ್ಲಲ್ಲ," ಎಂದರು. "ಬರ್ತಾವು. ಯಾರರ ಇರಬೇಕು."

ಹೋದೆವು. ಗುಡ್ಡದ ಆಚೆ ಸಪಾಟು ಕೆಂಪು ಅಂಗಳ, ಸುತ್ತ ತಗಡಿನ ಬೇಲಿ, ನಾಲ್ಕು ಮೂಲೆಗೆ ಎತ್ತರದ ಕಂಬ. ಸೂರ್ಯ ಗುಡ್ಡದ ಹಿಂದೆ ಹೋದ ಕೂಡಲೇ ಮೊದಲನೆಯದು ಬಂತು. ದಿನವೂ ಬರುತ್ತಿದ್ದ ದಿಕ್ಕಿನಿಂದಲೇ, ಹಾಗೆಯೇ ತಲೆ ಬಗ್ಗಿಸಿಕೊಂಡು. ಅಂಗಳದ ಮೇಲೆ ಬಂದು ತೇಲಿತು, ತಿರುಗಿತು, ಮತ್ತೆ ಬಂತು. ಎರಡು, ಐದು, ಒಂಬತ್ತು. ಸದ್ದಿಲ್ಲದೆ ಸುತ್ತುತ್ತಿದ್ದವು. ತಮ್ಮ ಮನೆ ಇದ್ದ ಓಣಿಯಲ್ಲಿ ಮನೆಯೇ ಕಾಣದವರು ನಂಬರು ನೋಡುತ್ತ ಅಡ್ಡಾಡಿದ ಹಾಗೆ. ಕಾಕಾಗೆ ಕಣ್ಣು ಮಂದವಾಗಿತ್ತು. "ಇಳದ್ವೇನ? ಇಳದ್ವೇನ?" ಎಂದು ಕೇಳುತ್ತಲೇ ಇದ್ದರು. ಇಲ್ಲ ಎಂದು ಹೇಳಿ ಹೇಳಿ ನನಗೆ ಅಳು ಬಂತು. ಅಷ್ಟರಲ್ಲಿ ಕಂಬದ ದೀಪಗಳು ಹೊತ್ತಿಕೊಂಡವು. ಹಕ್ಕಿಗಳು ಬೆಳಕಿನಲ್ಲಿ ಒಂದು ಕ್ಷಣ ಬೆಳ್ಳಗೆ ಕಂಡು, ಚದುರಿ, ಒಂದೊಂದಾಗಿ ಪೂರ್ವಕ್ಕೆ ಹೋದವು. ಆ ಕಡೆ ಏನಿದೆಯೆಂದು ನನಗೆ ಗೊತ್ತು, ಹೆದ್ದಾರಿ ಮತ್ತು ಕಾರ್ಖಾನೆಗಳು.

ಒಂದು ಮಾತ್ರ ಹೋಗಲಿಲ್ಲ. ಕಂದು ಹೆಣ್ಣು. ಬೆಳಕು ತಲುಪದ ಬೇಲಿಯ ಬುಡದಲ್ಲಿ, ಬರಿಯ ಮಣ್ಣಿನ ಮೇಲೆ ಇಳಿಯಿತು. ಕಾಕಾಗೆ ಹೇಳಿದೆ. "ಇಳೀತಾ? ಛಲೋ ಆತು," ಎಂದು ಕೋಲಿನ ಮೇಲೆ ಎರಡೂ ಕೈ ಇಟ್ಟು ನಿಂತರು. ನಾಯಿಗಳ ಮಾತು ಇಬ್ಬರೂ ಆಡಲಿಲ್ಲ. ನಾನು ಬೇಲಿಯ ಗೇಟಿಗೆ ಹೋಗಿ ಕಾವಲಿನವನಿಗೆ, ಅಲ್ಲೊಂದು ಹಕ್ಕಿ ಕೂತಿದೆ, ನಾಯಿ ಬಾರದ ಹಾಗೆ ನೋಡಿಕೊಳ್ಳಪ್ಪ ಎಂದು ಹಿಂದಿಯಲ್ಲಿ ಹೇಳಿದೆ. ಬಿಹಾರದ ಕಡೆಯ ನಡುವಯಸ್ಸಿನ ಮನುಷ್ಯ, ಆಗಲಿ ದೀದಿ ಎಂದ. ನನ್ನ ನಂಬರು ಬರೆದುಕೊಂಡ.

ಮರುದಿನ ಬೆಳಿಗ್ಗೆ ನಾನು ಕಚೇರಿಯಲ್ಲಿದ್ದಾಗ ಫೋನು ಮಾಡಿದ. ತಪ್ಪು ತನ್ನದೇ ಎಂಬಂತೆ ಮಾತಾಡಿದ. ನಾಯಿಗಳನ್ನು ಎರಡು ಸಲ ಓಡಿಸಿದ್ದೆ, ಬೆಳಗಿನ ಜಾವ ಚಹಾಕ್ಕೆ ಹೋದಾಗ ಬಂದವು ಎಂದ. ಅರ್ಧ ದಿನ ರಜೆ ಹಾಕಿ ಹೋದೆ. ಸಿಮೆಂಟು ಚೀಲದ ಮೇಲೆ ಇಟ್ಟಿದ್ದ, ಮೇಲೊಂದು ತಗಡು ಮುಚ್ಚಿದ್ದ. ಒಂಬತ್ತು ವರ್ಷ ದೂರದಿಂದ ನೋಡಿದ ಹಕ್ಕಿಯನ್ನು ಮೊದಲ ಸಲ ಕೈಯಲ್ಲಿ ಹಿಡಿದೆ. ಭಾರವೇ ಇರಲಿಲ್ಲ. ಕಾಲುಗಳು ಹಳದಿ, ಇಷ್ಟು ಉದ್ದ ಎಂದು ನನಗೆ ಗೊತ್ತೇ ಇರಲಿಲ್ಲ. ಅಲ್ಲಿಯೇ ಕೂತು ಎಲ್ಲ ಕಡೆಯಿಂದ ಚಿತ್ರ ತೆಗೆದೆ. ರೆಕ್ಕೆ ಬಿಡಿಸಿ ತೆಗೆದೆ. ಹಿನ್ನೆಲೆಯಲ್ಲಿ ಬೇಲಿಯೂ ಕಂಬವೂ ಬರುವ ಹಾಗೆ ತೆಗೆದೆ. ಆ ಸಂಜೆ ಇಂಟರ್‌ನೆಟ್ಟಿಗೆ ಹಾಕಿದೆ: ಜಾಗದ ಹೆಸರು, ತಾರೀಖು, ಸಮಯ, ಸಂಖ್ಯೆ ಒಂದು, ಸತ್ತದ್ದು. ಒಂದೂ ಕೊರತೆಯಿಲ್ಲದ ಕಾಗದ. ಮೊದಲು ಕೊಟ್ಟಿದ್ದ ಆಕ್ಷೇಪಣೆಗೆ ಸೇರಿಸಿಕೊಳ್ಳಿರೆಂದು ಅದನ್ನೇ ಕಳಿಸಿದೆ.

ಮುಂದಿನ ಸಂಜೆಗಳಲ್ಲಿ ಹಕ್ಕಿಗಳು ಬರುವುದು ಕಡಿಮೆಯಾಯಿತು. ಸಂಕ್ರಾಂತಿಯ ಹೊತ್ತಿಗೆ ಒಂದೂ ಇರಲಿಲ್ಲ. ಮುಂದಿನ ಚಳಿಗಾಲ ಕಾಕಾಗೆ ಹೊಸ್ತಿಲು ದಾಟುವುದೇ ಕಷ್ಟವಾಗಿ ನಾನೊಬ್ಬಳೇ ಎರಡು ಸಲ ಹೋಗಿ ಬಂದೆ. ಲಾರಿಗಳು ಸಾಲಾಗಿ ನಿಂತಿದ್ದವು, ಬಾನು ಖಾಲಿ.

ಯೋಜನೆಯ ಕೊನೆಯ ವರದಿಯ ಪ್ರತಿ ಬಂದದ್ದು ಆ ಚಳಿಗಾಲದ ಕೊನೆಗೆ. ಆಕ್ಷೇಪಣೆ ಕೊಟ್ಟವಳೆಂದು ನನಗೂ ಒಂದು ಕಳಿಸಿದ್ದರು. ಕಾಕಾನ ಕೋಣೆಯಲ್ಲಿ, ಅವರ ಮಂಚದ ಪಕ್ಕ ಕೂತೇ ಲಕೋಟೆ ಒಡೆದೆ. ನಮ್ಮ ಹಕ್ಕಿಯ ಹೆಸರು ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಸರಿಯಾಗಿ ಅಚ್ಚಾಗಿತ್ತು. ಕೆಳಗೆ ಒಂದು ಸಾಲು: ಈ ಸ್ಥಳದಿಂದ ಇಲ್ಲಿಯವರೆಗೆ ಒಂದೇ ಒಂದು ದಾಖಲೆ ಲಭ್ಯವಿದ್ದು, ಅದು ದಾರಿ ತಪ್ಪಿ ಬಂದ ಒಂಟಿ ಹಕ್ಕಿ ಇರಬಹುದು, ಈ ಸ್ಥಳವನ್ನು ಅದರ ನೆಲೆ ಎಂದು ಪರಿಗಣಿಸಲಾಗದು. ಆ ಒಂದು ದಾಖಲೆ ನನ್ನದು.

"ಏನ್ ಬರದಾರ?" ಎಂದರು ಕಾಕಾ. ಅವರಿಗೆ ಈಗ ಅಕ್ಷರ ಕಾಣುವುದಿಲ್ಲ.

"ಇಲ್ಲೆ ಈ ಹಕ್ಕಿ ಇದ್ವು ಅಂತ ಬರದಾರ್ರಿ ಕಾಕಾ," ಎಂದೆ.

"ಹೆಸರು ಹಾಕ್ಯಾರ?"

"ಹಾಕ್ಯಾರ್ರಿ."

ಅವರು ಕೈ ಚಾಚಿದರು. ಕಾಗದ ಕೊಟ್ಟೆ. ಎದೆಯ ಮೇಲೆ ಇಟ್ಟುಕೊಂಡು, "ಹಾಂ, ಅಷ್ಟರ ಬರದ್ರಲ್ಲ," ಎಂದರು. ಬಹಳ ದಿನಗಳ ಮೇಲೆ ಮುಖ ಹಗುರಾಗಿತ್ತು. ಚಹಾ ಕೇಳಿದರು, ಸಕ್ಕರೆ ಜಾಸ್ತಿ ಹಾಕು ಎಂದರು. ಅಲ್ಲಿ ಇನ್ನೊಂದು ನಿಮಿಷ ಕೂರಲು ನನ್ನಿಂದಾಗಲಿಲ್ಲ. ಒಳಗೆ ಹೋಗಿ ಒಲೆಯ ಮುಂದೆ ನಿಂತೆ. ಆ ಕಾಗದವನ್ನು ಅವರು ಯಾರ ಕೈಯಲ್ಲಾದರೂ ಓದಿಸಿಬಿಟ್ಟಾರು ಎಂದು ಈಗಲೂ ದಿನಾ ಹೆದರುತ್ತೇನೆ.